ಎಂಟನೆಯ ಮೆಷಿನ್ನು

ಲಗ್ಗೆರೆಯ ನಮ್ಮ ಶೆಡ್ಡಿಗೆ ಗೆಜೆಟ್ಟು ಬರುವುದಿಲ್ಲ,
ಸುದ್ದಿ ಬರುತ್ತದೆ. ಈ ಸಲ ತಂದವಳು ಹನುಮಕ್ಕ,
ಬಸ್ಸಿನಲ್ಲಿ ಯಾರದೋ ಮೊಬೈಲು ಇಣುಕಿ:
"ಅಕ್ಕಾ, ಸರ್ಕಾರ ಕೂಲಿ ಏರಿಸೈತಂತೆ."
ಓಡುತ್ತಿದ್ದ ಆರು ಮೆಷಿನ್ನೂ ಒಟ್ಟಿಗೆ ನಿಂತವು.
ಕರೆಂಟು ಹೋದಾಗಲೂ ಇಷ್ಟು ಸದ್ದಡಗುವುದಿಲ್ಲ,
ಆಗ ಯಾರಾದರೂ ಒಬ್ಬಳು ಬೈಯುತ್ತಾಳೆ.

ನಾನು ಮಾತ್ರ ಕಾಲರ್ ತಿರುಗಿಸುತ್ತಲೇ ಇದ್ದೆ.

ಹದಿನೇಳು ವರ್ಷದ ಹಿಂದೆ ಪೀಣ್ಯದ ಒಂದು ಗೇಟಿನ ಮುಂದೆ
ಇದೇ ಬಾಯಿ ಕೂಗಿತ್ತು, ಗಂಟಲು ಹರಿಯುವಂತೆ,
ಬಾಕಿ ಡಿಎ ಕೊಡಿ, ಬಾಕಿ ಡಿಎ ಕೊಡಿ.
ಮಾಲೀಕ ಹೊರಗೆ ಬಂದು ಕೈ ಜೋಡಿಸಿ ಹೇಳಿದ್ದ:
"ನನಗೆ ಗಿಟ್ಟೋದಿಲ್ಲಮ್ಮ."
ನಾವು ನಕ್ಕಿದ್ದೆವು. ಅವನ ಕಾರು ಬಿಸಿಲಲ್ಲಿ ಹೊಳೆಯುತ್ತಿತ್ತು.
ಈಗ ಆ ಮಾತು ನನ್ನ ಬಾಯಲ್ಲೇ ಬಂದು ಕೂತಿದೆ,
ಹಲ್ಲಿಗೆ ಸಿಕ್ಕ ದಾರದ ತುಂಡಿನ ಹಾಗೆ.
ಕಾರಿಲ್ಲ ನನಗೆ; ಒಂದು ಸ್ಕೂಟಿ, ಕಂತು ಇನ್ನೂ ಒಂಬತ್ತು.

ರಾತ್ರಿ ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಬರೆದೆ.
ಕಾಲರ್ ಒಂದಕ್ಕೆ ಕಂಪನಿ ಕೊಡುವುದು ನಾಲ್ಕೂಕಾಲು.
ದಾರ, ಸೂಜಿ, ಶೆಡ್ಡಿನ ಬಾಡಿಗೆ, ಪಿಎಫ್ ಎಂದು ಕಳೆಯುತ್ತ
ಏಳು ಜನರ ಹೊಸ ಕೂಲಿಯ ಹತ್ತಿರ ಬಂದು ಪೆನ್ನು ನಿಂತಿತು.
ಬಿಲ್ಲು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದೆ;
ಅವನೂ ಒಂದು ಸಲ ನೋಡಲಿ.

ಬೆಳಿಗ್ಗೆ ಕಂಪನಿಗೆ ಫೋನು. "ರೇಟು ನಮ್ಮ ಕೈಲಿಲ್ಲ ಮೇಡಂ,
ಬೈಯರ್ ಒಪ್ಪಬೇಕಲ್ಲ" ಅಂದ ಮರ್ಚಂಡೈಸರ್ ಹುಡುಗ.
ಬೈಯರ್ ಯಾವ ದೇಶದವನೋ; ಅವನ ಕುತ್ತಿಗೆ ಸುತ್ತ
ನನ್ನ ಕಾಲರು ಇರುತ್ತದೆ, ಅವನ ನಂಬರು ನನ್ನಲ್ಲಿಲ್ಲ.
"ಹಿಂದೂಪುರದಲ್ಲಿ ಮೂರೂವರೆಗೆ ಮಾಡ್ತಾರೆ" ಎಂದೂ ಸೇರಿಸಿದ,
ಬೆದರಿಸಲಿಕ್ಕಲ್ಲ, ಸಂಜೆ ಮಳೆ ಬರಬಹುದು ಎಂಬಂತೆ.

ತಿಂಗಳ ಕೊನೆಗೆ ಹೊಸ ಕೂಲಿಯನ್ನೇ ಕೊಟ್ಟೆ.
ಧರ್ಮಕ್ಕಲ್ಲ. ಮುಬೀನಾ ಒಬ್ಬಳು ಪಕ್ಕದ ಗಲ್ಲಿಗೆ ಹೋದರೆ
ಕಾಲರ್ ಮೂಲೆ ಅಷ್ಟು ಚೂಪಾಗಿ ತೆಗೆಯುವವರು
ಈ ಇಡೀ ರಿಂಗ್ ರೋಡಿನೊಳಗೆ ನನಗೆ ಸಿಕ್ಕುವುದಿಲ್ಲ.
ಹೋದ ವರ್ಷ ಹಾಗೆ ಒಬ್ಬಳು ಹೋಗಿ, ಹೊಸಬಳಿಗೆ ಕಲಿಸುತ್ತ
ಹಾಳಾದ ಕಾಲರು ಇನ್ನೂರ ಹತ್ತು. ಅದೂ ಒಂದು ಲೆಕ್ಕವೇ,
ಬಿಲ್ಲಿನ ಬೆನ್ನ ಮೇಲೆ ಯಾರೂ ಬರೆಯದ್ದು.

ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.
ಶಿವನಂಜಿಯ ಮನೆ ಓನರಿಗೂ ಸುದ್ದಿ ಮುಟ್ಟಿತು,
ಬಾಡಿಗೆಗೆ ಐನೂರು ಸೇರಿಸಿದ; ಅವನಿಗೆ ಬೈಯರ್ ಒಪ್ಪಬೇಕಿರಲಿಲ್ಲ.
ಹನುಮಕ್ಕ ಅರ್ಧ ಲೀಟರ್ ಹಾಲಿನ ಜೊತೆ ಇನ್ನೊಂದರ್ಧ ತಂದಳು.
ಫಿಲೋಮಿನಾ ಪಿನ್ನು ಚುಚ್ಚಿ ಮೆಟ್ಟುತ್ತಿದ್ದ ಚಪ್ಪಲಿಯನ್ನು
ಬಸ್ ಸ್ಟಾಪಿನಲ್ಲೇ ಬಿಟ್ಟು, ಹೊಸದರಲ್ಲಿ ಟಕಟಕ ಬಂದಳು.
ಚಪ್ಪಲಿ ಅಂಗಡಿ ದಸ್ತಗೀರನ ಹೆಂಡತಿ ಅದೇ ವಾರ
ಎರಡು ಚೂಡಿದಾರ ಹೊಲಿಸಲು ನನ್ನಲ್ಲಿಗೇ ಬಂದಳು.
ನಾನು ಕೊಟ್ಟ ನೋಟು ಎರಡು ಕ್ರಾಸು ಸುತ್ತಿ
ನನ್ನ ಗಲ್ಲಾಕ್ಕೇ ಬಂದಿತ್ತು, ಕೆಳಗಿನ ದಾರ
ಮೇಲಿನ ದಾರಕ್ಕೆ ಸಿಕ್ಕಿ ಒಂದು ಹೊಲಿಗೆ ಆದ ಹಾಗೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಕತೆ.

ಎಂಟನೆಯ ಮೆಷಿನ್ನಿಗೆ ಹೊದಿಸಿದ ಹಳೆ ಸೀರೆ ಹಾಗೇ ಇದೆ.
ಯುಗಾದಿಗೆ ತೆಗೆಯೋಣ, ಒಬ್ಬಳನ್ನು ಕೂರಿಸೋಣ ಎಂದುಕೊಂಡಿದ್ದೆ.
ಮೊನ್ನೆ ಬಂದಳು, ಸಿರಾ ಕಡೆಯ ಹುಡುಗಿ, ದಾಕ್ಷಾಯಿಣಿ.
"ಓವರ್‌ಲಾಕ್ ಬರುತ್ತೆ ಆಂಟಿ. ಕಡಿಮೆ ಕೊಟ್ರೂ ಸರಿ."
ಕಡಿಮೆ ಕೊಟ್ರೂ ಸರಿ.
ಪೀಣ್ಯಕ್ಕಿಂತ ಮೊದಲು ನಾನೂ ಒಬ್ಬನಿಗೆ
ಇದೇ ಮೂರು ಮಾತು ಹೇಳಿದ್ದೆ. ತಕ್ಷಣ ಕೂರಿಸಿದ.
ನಾಲ್ಕು ವರ್ಷ ಕಡಿಮೆಯೇ ಕೊಟ್ಟ.

ಕೂರಿಸಿದರೆ ಈ ಏಳು ಮುಖ ಹೇಗೆ ನೋಡಲಿ,
ಕಳಿಸಿದರೆ ಆ ಒಂದು ಮುಖ.
"ಮುಂದಿನ ತಿಂಗಳು ಬಾ" ಅಂದೆ. ಹೋಗುವಾಗ ಬಾಗಿಲಲ್ಲಿ
ಬಿದ್ದಿದ್ದ ಸೂಜಿಯನ್ನು ಹೆಕ್ಕಿ ನನ್ನ ಮೇಜಿನ ಮೇಲಿಟ್ಟಳು,
ಆಗಲೇ ಕೆಲಸಕ್ಕೆ ಸೇರಿದವಳ ಹಾಗೆ.

ಇವತ್ತು ಇಪ್ಪತ್ತೆಂಟು. ಮತ್ತೆ ಫೋನು ಹಚ್ಚಿದ್ದೇನೆ,
ನಾಲ್ಕೂಮುಕ್ಕಾಲು ಕೇಳಬೇಕು, ನಾಲ್ಕೂವರೆಗೆ ಇಳಿಯಬೇಕು.
ರಿಂಗಾಗುತ್ತಿದೆ. ಎತ್ತಿಲ್ಲ.
ಹನುಮಕ್ಕ ಮೆಷಿನ್ನು ನಿಲ್ಲಿಸದೆಯೇ
ಒಂದು ಕಿವಿ ಇತ್ತ ಇಟ್ಟಿದ್ದಾಳೆ.