ಹಿಟ್ಟಿನ ರೆಕ್ಕೆ

ಅತ್ತೆ ನನಗೆ ಬಿಟ್ಟುಹೋದದ್ದು ಮೂರೇ:
ತಳ ಸೀದ ಮಣ್ಣಿನ ಹಂಚು,
ಮಾತಿಗೆ ಮುಂಚೆ ಬರುವ ಕೆಮ್ಮು,
ಮತ್ತೆ ಈ ರೆಕ್ಕೆ.

ಜೇನುಗಿಡುಗದ್ದು. ಎಡಗಡೆಯದು.
ನನ್ನ ಗಂಡ ಶುಕ್ರಿ ಹದಿನಾರರ ಹುಡುಗನಾಗಿದ್ದಾಗ
ಗುಡ್ಡದ ಮೇಲೆ ನಿಂತು ಹೊಡೆದು ಕೆಡವಿದ್ದು.
ಮಾಂಸ ಅವತ್ತೇ ಮುಗಿಯಿತಂತೆ,
ರೆಕ್ಕೆ ನಲವತ್ತೊಂದು ವರ್ಷದಿಂದ
ಮೆಕ್ಕೆಜೋಳದ ಹಿಟ್ಟು ಗುಡಿಸುತ್ತಿದೆ.

ಸೆಪ್ಟೆಂಬರು ಬಂತೆಂದರೆ
ನಮ್ಮೂರ ಆಕಾಶಕ್ಕೆ ಬೇರೆ ಕೆಲಸವಿಲ್ಲ.
ಒಂದು ಕಡೆ ಕಪ್ಪು ಸಮುದ್ರ, ಒಂದು ಕಡೆ ಬೆಟ್ಟ,
ನಡುವಿನ ಸಂದಿಯಲ್ಲಿ ನೂಕುನುಗ್ಗಲು,
ಬೆಳಗಿನಿಂದ ಬೈಗಿನವರೆಗೆ ಗಿಡುಗ, ಗಿಡುಗ, ಗಿಡುಗ.
ಕೆಳಗೆ ಬಂದೂಕು.
ಈಗೀಗ ಕಡಿಮೆ. ಆದರೂ ಬಂದೂಕೇ.

ಮಂಗಳವಾರ ಎತೇರಿ ಬಂದಳು, ಬಾತುಮಿಯ ದನದ ಡಾಕ್ಟರು,
ಸೇಬಿನ ಡಬ್ಬಿಯೊಳಗೆ ಒಂದನ್ನು ಹೊತ್ತು.
ಮೂಳೆ ಗಟ್ಟಿ ಇದೆ, ಚರೆ ತಗುಲಿದ್ದು ಗರಿಗೆ ಮಾತ್ರ:
ಎಡದಲ್ಲಿ ನಾಲ್ಕು, ಆರು, ಒಂಬತ್ತು, ಮೂರೂ ಅರ್ಧಕ್ಕೆ ಮುರಿದಿವೆ.
ತಾನಾಗಿ ಉದುರಿ ಹೊಸದು ಬರಲು ಬರುವ ವರ್ಷವೇ ಆಗಬೇಕು.
ಅಲ್ಲಿಯವರೆಗೆ ಡಬ್ಬಿ?
ಅವಳ ಕಣ್ಣು ಒಲೆಯ ಪಕ್ಕದ ಮೊಳೆಗೆ ಹೋಯಿತು.
"ಅದು ಯಾವ ಕಡೆಯದು, ಅಕ್ಕಾ?"

ಕೊಡುವುದಿಲ್ಲ, ಅಂದೆ.
ಅತ್ತೆಯ ಹೆಬ್ಬೆರಳು ಸವೆಸಿದ ಜಾಗ ಅದರಲ್ಲಿದೆ, ಅಂದೆ.
ಹೆಬ್ಬಾತಿನ ರೆಕ್ಕೆ ತಂದುಕೊಡುತ್ತೇನೆ, ಅಂದಳು.
ಹೆಬ್ಬಾತಿನದು ಮೂಲೆಯಲ್ಲಿ ಹಿಟ್ಟು ಬಿಡುತ್ತದೆ,
ನಿನಗೇನು ಗೊತ್ತು, ಅಂದೆ.
ಶುಕ್ರಿ ಏನೂ ಅನ್ನಲಿಲ್ಲ.
ಎದ್ದು, ಮೊಳೆಯಿಂದ ತೆಗೆದು,
ಹಿಟ್ಟು ಊದಿದ.

ಆಮೇಲೆ ಎಣಿಕೆ.
ಎಡದ ಗರಿ ಎಡಕ್ಕೇ, ನಾಲ್ಕನೆಯದು ನಾಲ್ಕನೆಯದಕ್ಕೇ.
ಹೆಣ್ಣು ಗಂಡು ಕೂಡಿಸುವವರೂ ಇಷ್ಟು ನೋಡುವುದಿಲ್ಲ.
ಹಕ್ಕಿಯ ತಲೆಗೆ ಶುಕ್ರಿಯ ಕಾಲುಚೀಲ,
ಕಾಲು ನನ್ನ ಮುಷ್ಟಿಯಲ್ಲಿ. ಅದರ ಎದೆ
ನನ್ನ ಮಣಿಕಟ್ಟಿಗೆ ಬಡಿಯುತ್ತಿತ್ತು,
ಒಳಗೆ ಯಾರೋ ಇದ್ದಾರೆಂದು ಗೊತ್ತಿದ್ದೇ
ಬಾಗಿಲು ತಟ್ಟುವವರ ಹಾಗೆ.
ಗರಿಯ ಟೊಳ್ಳಿಗೆ ಬಿದಿರಿನ ಕಡ್ಡಿ, ಅಂಟು ಒಂದೇ ಹನಿ,
ಅದಕ್ಕೆ ಆ ಹಳೆಯದನ್ನು ಕೂರಿಸಬೇಕು.
ಮೂರನೆಯದಕ್ಕೆ ಶುಕ್ರಿಯ ಕೈ ನಡುಗಿತು.
"ನನ್ನ ಕನ್ನಡಕ," ಅಂದ.
ಹಾಕಿಕೊಂಡೇ ಇದ್ದ.

ಗುರುವಾರ ಗುಡ್ಡದ ಮೇಲೆ, ಅದೇ ಗುಡ್ಡ,
ಎತೇರಿ ಡಬ್ಬಿ ತೆರೆದಳು.
ಮೊದಲು ವಾಲಿತು. ಬಿತ್ತು ಅಂದುಕೊಂಡೆ.
ಆಮೇಲೆ ಬಿಸಿಗಾಳಿ ಸಿಕ್ಕಿತು, ಸುತ್ತಿತು, ಸುತ್ತಿತು,
ಉಳಿದವುಗಳೊಳಗೆ ಯಾವುದೆಂದು ತಿಳಿಯದಾಯಿತು.
ಎಡರೆಕ್ಕೆಯಿಂದ ಹಿಟ್ಟು ಉದುರಿದ್ದು ಕಂಡೆ ಎನ್ನುತ್ತಾನೆ ಶುಕ್ರಿ.
ಅಷ್ಟು ದೂರ ಅವನಿಗೆ ಕಾಣುವುದಿಲ್ಲ.

ಬರುವ ವರ್ಷ ಆ ಮೂರೂ ಬೀಳುತ್ತವಂತೆ,
ಆಫ್ರಿಕಾದಲ್ಲಿ, ಯಾರ ಅಂಗಳದಲ್ಲೋ.
ಆಯುವವರು ಆಯಲಿ.

ಹೆಬ್ಬಾತಿನ ರೆಕ್ಕೆ ಬಂತು. ಅಟ್ಟದ ಮೇಲಿದೆ.
ನಾನು ಹಳೆಯದರಲ್ಲೇ ಗುಡಿಸುತ್ತೇನೆ.
ಗರಿ ಇಲ್ಲದ ಕಡೆ
ಮಣೆಯ ಮೇಲೆ ಹಿಟ್ಟಿನ ಮೂರು ಗೆರೆ ಉಳಿಯುತ್ತವೆ.
ಅಂಗೈಯಲ್ಲಿ ಒರೆಸಬಹುದು.
ಕೆಲವು ದಿನ ಒರೆಸುತ್ತೇನೆ.