ಅಳೆದು ಸುರಿದು

ಇಬ್ರಿಯಿಂದಾಚೆ, ಮರಳು ಬಿಳುಚಿಕೊಳ್ಳುವ ಕಡೆ,
ಡಾಂಬರು ಘಟಕದ ತೂಕದ ಕೋಣೆಯಲ್ಲಿ ನನ್ನ ಕುರ್ಚಿ.
ಕಿಟಕಿಗೆ ರಟ್ಟು ಅಂಟಿಸಿದ್ದೇನೆ, ಬಿಸಿಲಿಗೆ.
ಲಾರಿ ಹತ್ತುತ್ತದೆ, ತಟ್ಟೆ ಒಂದಿಷ್ಟು ಕುಸಿಯುತ್ತದೆ,
ಕೆಂಪು ಅಂಕಿಗಳು ನಡುಗಿ ನಡುಗಿ ನಿಲ್ಲುತ್ತವೆ.
ಏಳು ವರ್ಷ ಇಷ್ಟೇ ಕೆಲಸ:
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯುವುದು.
ಅಳೆದು ಸುರಿದು ಅಂದರೆ ನಮ್ಮೂರಲ್ಲಿ ಮೀನಮೇಷ ಎಣಿಸುವುದು,
ಇಲ್ಲಿ ಅದೇ ನೌಕರಿ.

ಹೋದ ರಂಜಾನಿಗೆ ಮುಂಚೆ ರಾಯಾ ಅಲ್ ಯಾಕೂಬಿ ಬಂದಳು,
ಸರ್ಕಾರದ ಎಂಜಿನಿಯರು, ಬೂಟಿನ ತುಂಬ ಧೂಳು.
ಹೊಸ ತಖ್ತೆ ಕೊಟ್ಟಳು. ಇನ್ನು ಹೊಗೆಯನ್ನೂ ತೂಗಬೇಕಂತೆ.
ನಕ್ಕೆ. ಅವಳು ನಗಲಿಲ್ಲ.
ಡೀಸೆಲ್ ಎಷ್ಟು, ಜಲ್ಲಿ ಎಷ್ಟು ದೂರದ್ದು,
ಡಾಂಬರು ಕಾಯಿಸಿದ್ದು ಎಷ್ಟು ಡಿಗ್ರಿಗೆ,
ಸುಮ್ಮನೆ ನಿಂತ ಲಾರಿ ಎಷ್ಟು ಹೊತ್ತು ಗುರುಗುಟ್ಟಿತು,
ಎಲ್ಲಕ್ಕೂ ಒಂದೊಂದು ಅಂಕಣ.

ನನ್ನ ಸೋದರಮಾವ ವಿರುಪಣ್ಣ
ಗದಗಿನ ದಲಾಲಿ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದ.
ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ,
‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡ, ಮೂರ, ನಾಕ,
ಧಾರೆ ಕಡಿಯದ ಹಾಗೆ ಒಂದೇ ರಾಗ.
ತಖ್ತೆ ಮುಂದಿಟ್ಟುಕೊಂಡು ಕೂತ ಮೊದಲ ದಿನ
ಪೆನ್ನು ಅಲ್ಲೇ ನಿಂತಿತು:
ಹೊಗೆಯ ಮೊದಲ ಸೇರಿಗೆ ಏನನ್ನಬೇಕು?

ಲೀಟರು ಡೀಸೆಲ್ ತೂಗಿದರೆ ಕೇಜಿಯೂ ಇಲ್ಲ.
ಸುಟ್ಟರೆ ಹತ್ತಿರ ಹತ್ತಿರ ಎರಡೂಮುಕ್ಕಾಲು ಕೇಜಿ ಹೊಗೆ.
ಲೆಕ್ಕ ತಪ್ಪಿದೆ, ಅಂದೆ. ವಿರುಪಣ್ಣನ ಕೈಯಲ್ಲಿ ಬೆಳೆದವನು,
ಹಾಕಿದ್ದಕ್ಕಿಂತ ಹೆಚ್ಚು ಬಂದರೆ ತಕ್ಕಡಿಯನ್ನೇ ಅನುಮಾನಿಸುತ್ತೇನೆ.
‘ಅದು ಒಂಟಿಯಾಗಿ ಹೋಗುವುದಿಲ್ಲ’ ಅಂದಳು ರಾಯಾ,
‘ಗಾಳಿಯನ್ನೂ ಕೈಹಿಡಿದು ಎಳಕೊಂಡು ಹೋಗುತ್ತದೆ.’

ಬರೆಯುತ್ತ ಬರೆಯುತ್ತ ಒಂದು ಬೆಟ್ಟ ಕಂಡಿತು.
ನೂರಾ ನಲವತ್ತು ಕಿಲೋಮೀಟರು ಆಚೆಯಿಂದ ಬರುತ್ತಿತ್ತು ಕಪ್ಪು ಜಲ್ಲಿ,
ಮೂವತ್ತೆಂಟರಲ್ಲೇ ಇನ್ನೊಂದು ಕ್ವಾರಿ ಬಾಯಿ ತೆರೆದು ಕೂತಿರುವಾಗ.
ಯಾಕೆ? ಯಾರಿಗೂ ಗೊತ್ತಿಲ್ಲ.
ಮೊದಲಿಂದ ಹಾಗೆ.

ಹಳೆಯ ರಸ್ತೆಯನ್ನು ಎಸೆಯಲಿಲ್ಲ ಈ ಸಲ.
ಕೆರೆದು, ಜರಡಿ ಹಿಡಿದು, ಹೊಸದರಲ್ಲಿ ಬೆರೆಸಿದೆವು.
ಅರುಳಪ್ಪನ್ ಒಂದು ಹಿಡಿ ತೆಗೆದು ಮೂಸಿದ:
‘ನಾನೇ ಹಾಸಿದ್ದು, ತೊಂಬತ್ತೆಂಟರಲ್ಲಿ,
ಆಗ ನನಗೆ ಮೀಸೆ ಕರಿ ಇತ್ತು.’
ಕೈ ಕೊಡವಿ ಯಂತ್ರ ಹತ್ತಿದ, ಅದನ್ನೇ ಮತ್ತೆ ಹಾಸಲು.

ಇನ್ನು ಶಾಖ. ನೂರರವತ್ತೈದರಿಂದ ನೂರಮೂವತ್ತಕ್ಕೆ ಇಳಿಸಿ
ಅದೇನೋ ಮೇಣ ಸೇರಿಸಿದರು.
ಚೀಟಿ ಕೊಡಲು ರಾತ್ರಿ ಪಾಳಿಗೆ ಹೋದೆ.
ಡಾಂಬರು ಸುರಿಯಿತು, ನೀಲಿ ಹೊಗೆ ಏಳಲಿಲ್ಲ.
ಗುಲ್ ಜಮೀನ್ ಸಲಿಕೆಗೆ ಒರಗಿ
ಮೂಗಿನ ಬಟ್ಟೆ ಕೆಳಗೆಳೆದು ನಿಂತಿದ್ದ.
ಏಳು ವರ್ಷದಲ್ಲಿ ನಾನು ಕಂಡದ್ದು ಅವನ ಕಣ್ಣು ಮಾತ್ರ.
ಗದ್ದದಲ್ಲಿ ಕುಳಿಯಿದೆ ಅವನಿಗೆ,
ಹುಡುಗರಿಗಿರುವಂಥದ್ದು.
ತಖ್ತೆಯಲ್ಲಿ ಅದಕ್ಕೆ ಅಂಕಣ ಹುಡುಕಿದೆ.

ವರದಿ ಹೋಯಿತು. ಕಿಲೋಮೀಟರಿಗೆ ಕಾಲುಭಾಗ ಕಡಿಮೆ.
ಮುಕ್ಕಾಲು ಭಾಗ ಹಾಗೇ ಇದೆ, ಅದೂ ಅದೇ ಕಾಗದದಲ್ಲಿದೆ.
ಈ ರಸ್ತೆಯ ಮೇಲೆ ಮೂವತ್ತು ವರ್ಷ ಓಡುವ ಕಾರುಗಳನ್ನು
ಯಾವ ತಟ್ಟೆಯಲ್ಲಿ ನಿಲ್ಲಿಸಿ ತೂಗಲಿ?
ರಾಯಾಳನ್ನು ಕೇಳಿದೆ. ‘ಬರೆದಿಡು ಪ್ರಶ್ನೆಯನ್ನೂ’ ಅಂದಳು.

ಇವತ್ತು ಬೆಳಿಗ್ಗೆ ಮೊದಲ ಲಾರಿ ಬಂತು.
ರಟ್ಟು ಸರಿಸಿ ಗಾಜು ತಟ್ಟಿದೆ, ಕೀಲಿ ತಿರುವುವ ಸನ್ನೆ ಮಾಡಿದೆ.
ಗೊಣಗಿ ಎಂಜಿನ್ ಆರಿಸಿದ.
ತಟ್ಟೆ ತಣ್ಣಗಾಯಿತು. ಕೆಂಪು ಅಂಕಿಗಳು
ಒಂದೇ ಏಟಿಗೆ ನಿಂತುಬಿಟ್ಟವು, ನಡುಗದೆ.
‘ಲಾಭ’ ಅಂದೆ, ಯಾರಿಗೂ ಕೇಳದ ಹಾಗೆ.
ತಿರುವಿನಲ್ಲಿ ಎರಡನೆಯದು ಹೊಗೆ ಕಾರುತ್ತ ಬರುತ್ತಿತ್ತು.