ಬಿರಡೆ

ಓಕ್ಲಿಯಮ್ಮನ ಹಿತ್ತಲಲ್ಲಿ ಅದರೊಳಗೆ ಕೋಳಿ ಮೊಟ್ಟೆಯಿಡುತ್ತಿತ್ತು.
ಇನ್ನೂರೈವತ್ತು ಡಾಲರು, ಟ್ರೇಲರು ಸೇರಿ;
ಹುಲ್ಲು ಗುಡಿಸಿ ಕೊಡುವುದಿಲ್ಲ, ಅಂದಳು.
ಅರವತ್ತಮೂರರ ಫೈಬರ್‌ಗ್ಲಾಸ್ ದೋಣಿ,
ನನಗಿಂತ ಎರಡು ವರ್ಷ ಹಿರಿಯದು,
ಮೂತಿ ಚೂಪು, ಬೆನ್ನಿಗೆ ಆ ಕಾಲದ ಕಾರಿನ ಹಾಗೆ ಎರಡು ರೆಕ್ಕೆ.
ಬಣ್ಣ ನೀಲಿ ಇದ್ದಿರಬೇಕು.

ಬೇರ್ನ್ಸ್‌ಡೇಲಿನ ಶೆಡ್ಡಿಗೆ ಎಳೆದು ತಂದ ದಿನ
ನೀಲಾಂಬಿಕೆ ಒಂದು ಸುತ್ತು ಬಂದು ಕೇಳಿದಳು:
ಇದು ತೇಲುತ್ತದೋ, ನಾವು ಮುಳುಗುತ್ತೇವೋ?

ನನ್ನ ಕೆಲಸ ಹಲ್ಲು ಕಟ್ಟುವುದು.
ಈ ಊರಿನ ಮುದುಕರಲ್ಲಿ ಅರ್ಧ ಜನ
ನಾನು ಮಾಡಿದ ಹಲ್ಲಿನಲ್ಲಿ ನಗುತ್ತಾರೆ.
ಹುಳುಕು ಕಣ್ಣಿಗೆ ಕಾಣದು, ಬಡಿದು ಕೇಳಬೇಕು,
ಕಲ್ಲಂಗಡಿ ಕೊಳ್ಳುವವನ ಹಾಗೆ.
ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋದೆ: ಟಣ್, ಟಣ್, ಟಣ್,
ಎಂಜಿನ್ನು ತೂಗುವ ಹಿಂಬದಿಯ ಹಲಗೆಗೆ ಬಂದಾಗ
ಡಬ್.
ಸ್ಕ್ರೂಡ್ರೈವರ್ ಇಟ್ಟೆ. ಒತ್ತಲಿಲ್ಲ. ತಾನಾಗೇ ಇಳಿಯಿತು,
ಚಹಾದಲ್ಲಿ ನೆನೆದ ರಸ್ಕಿಗೆ ಚಮಚ ಇಳಿದ ಹಾಗೆ.

ಮೂಗಿಗಿಂತ ಮೂಗುತಿ ಭಾರ.
ನಲವತ್ತು ಕುದುರೆಗಳು ಜೋತುಬಿದ್ದದ್ದು ಈ ಕೊಳೆತ ಪ್ಲೈವುಡ್ಡಿಗೆ!
ನಾನೋ, ಎಲ್ಲಕ್ಕೂ ಮೊದಲು ಬಣ್ಣ ಕೊಂಡವನು.

ಬಣ್ಣ ವಾಪಸು ಕೊಟ್ಟು ರೆಸಿನ್ ತಂದೆ.
ಇದರಲ್ಲಿ ಚೌಕಾಸಿ ಇಲ್ಲ, ಪ್ಲೈವುಡ್ಡಿನಲ್ಲೂ ಇಲ್ಲ;
ಉಳಿದದ್ದೆಲ್ಲ ಚೌಕಾಸಿಯೇ.
ಗಾಳಿತಡೆಗೆ ಮುಚ್ಚಿಹೋದ ಮೀನಂಗಡಿಯ ಫಲಕ ಕತ್ತರಿಸಿದ್ದು,
ಬಿಸಿಲಿಗೆ ಹಿಡಿದರೆ ಈಗಲೂ ಒಂದು ಬಾಲ ಕಾಣುತ್ತದೆ.
ಸೀಟು ಗುಜರಿಗೆ ಬಂದ ಶಾಲೆ ಬಸ್ಸಿನದು,
ಕೈಲಿ ಪೆದ್ದಿ ಎಂದು ಯಾರೋ ಗೀಚಿದ್ದರ ಸಮೇತ.
ಕಾರ್ಬುರೇಟರ್ ತಿಕ್ಕಲು ಬ್ರಶ್ಶು?
ಅದೊಂದು ನನ್ನಲ್ಲಿ ಬೇಕಾದಷ್ಟು.

ಉಜ್ಜಿದೆ. ಗಾಜಿನ ಪುಡಿ ಮುಂಗೈಗೆ ಕೂತು
ರಾತ್ರಿಯಿಡೀ ತುರಿಕೆ. ನೀಲಾ
ಹಾಸಿಗೆಯ ನಡುವೆ ದಿಂಬಿನ ಗಡಿ ಹಾಕಿದಳು.

ನೆಲ ಬಿಚ್ಚಿದಾಗ ಹಳೆಯ ರಿಪೇರಿಗಳು ಕಂಡವು:
ಟಾರು ಮೆತ್ತಿದ ಬಿರುಕು,
ಬಿಸ್ಕತ್ತಿನ ಡಬ್ಬದ ತಗಡು ಬಡಿದ ತೂತು.
ಡೆಸ್ ಟ್ರೆವಿಕ್ ಬೇಲಿಯಿಂದ ಬಗ್ಗಿ ನೋಡಿ
ಕಟುಕರ ಕೆಲಸ, ಅಂದ. ನಾನೂ ಹ್ಞೂಂಗುಟ್ಟಿದೆ.
ಅವನು ಹೋದ ಮೇಲೆ ತಗಡಿನ ಅಂಚಿಗೆ ಬೆರಳಾಡಿಸಿದೆ.
ಹನ್ನೆರಡು ರಿವೆಟ್ಟು, ನಡುವಿನ ಅಂತರ ಕೂದಲೆಳೆ ತಪ್ಪಿಲ್ಲ.
ಅಳೆದು ಹೊಡೆದವನು ಕಟುಕನಲ್ಲ.
ತಿಂಗಳ ಕೊನೆಯವನು.

ತಗಡು ಕಿತ್ತೆ, ಕೀಳಲೇಬೇಕಿತ್ತು.
ಎಸೆಯಲಿಲ್ಲ. ಸಲಕರಣೆ ಪೆಟ್ಟಿಗೆಯ ತಳಕ್ಕೆ ಹಾಸಿದೆ.

ಜುಲೈ ಚಳಿಗೆ ರೆಸಿನ್ ಗಟ್ಟಿಯಾಗಲಿಲ್ಲ.
ಮೂರು ದಿನ ಜೇನಿನ ಹಾಗೆ ಅಂಟಂಟು.
ಹೆಪ್ಪು ಹಾಕಿ ಹೀಗಾ ಬಯಲಲ್ಲಿ ಬಿಡುವುದು,
ಎಂದು ನೀಲಾ ಹಳೆಯ ಕಂಬಳಿ ತಂದು
ಹಲಗೆಗೆ ಸುತ್ತಿ, ಒಳಗೊಂದು ಬಲ್ಬು ಉರಿಸಿಟ್ಟಳು,
ಮೊಸರಿನ ಪಾತ್ರೆಗೆ ಮಾಡುವಂತೆಯೇ.
ಬೆಳಿಗ್ಗೆ ನನಗಿಂತ ಮೊದಲು ಹೋಗಿ ಬಡಿದವಳೂ ಅವಳೇ.
ಅಡುಗೆಮನೆವರೆಗೆ ಕೇಳಿಸಿತು: ಟಣ್.

ಹದಿನೆಂಟು ತಿಂಗಳಾದ ಮೇಲೆ, ಪೇನ್ಸ್‌ವಿಲ್ಲಿನ ಇಳಿಜಾರಿನಲ್ಲಿ
ಟ್ರೇಲರು ಹಿಮ್ಮುಖ ನೀರಿಗಿಳಿಯಿತು.
ಎಂಜಿನ್ನು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು.
ಪಕ್ಕದಿಂದ ಸಣ್ಣ ನೀರಿನ ಧಾರೆ, ಪಂಪು ಬದುಕಿದೆ.
ಹಲಗೆ ಮಿಸುಕಲಿಲ್ಲ.
ಕರಿಹಂಸಗಳು ದಾರಿ ಬಿಟ್ಟವು, ಅವಕ್ಕೆ ಪುರುಸೊತ್ತಾದಾಗ.

ಕಾಲು ಒದ್ದೆಯಾಗುತ್ತಿದೆ, ಅಂದಳು ನೀಲಾ.

ಬಗ್ಗಿದೆ. ನೀರು ಬಸಿಯಲೆಂದು ಕಾರ್ಖಾನೆಯವರೇ ಕೊರೆದ ತೂತು,
ಅರವತ್ತು ವರ್ಷದಲ್ಲಿ ಯಾರೂ ಕೆಡಿಸದ ಒಂದೇ ಜಾಗ.
ಅದರ ಹಿತ್ತಾಳೆ ಬಿರಡೆ, ನಾಲ್ಕು ಡಾಲರಿನದು,
ಮರೆಯಬಾರದೆಂದೇ ಎದೆಯ ಜೇಬಿನಲ್ಲಿಟ್ಟಿದ್ದೆ.
ಕೋಟಿನ ಜೇಬು. ಕೋಟು ದಡದಲ್ಲಿತ್ತು.

ಹೆಬ್ಬೆರಳು ಒತ್ತಿ ಕೂತೆ, ಎಷ್ಟೋ ಬಾಯಿಗಳ ಅಚ್ಚು ಬಲ್ಲ ಬೆರಳು.
ದಡದಿಂದ ಡೆಸ್ ಕೂಗಿದ: ನಿಲ್ಲಿಸಬೇಡಿ, ಜೋರಾಗಿ ಓಡಿಸಿ!
ಸೈಕಲ್ಲನ್ನೂ ತುಳಿಯದ ನೀಲಾ ಚುಕ್ಕಾಣಿ ಹಿಡಿದು
ಸನ್ನೆ ಮುಂದಕ್ಕೆ ತಳ್ಳಿದಳು.
ಮೂತಿ ಎದ್ದಿತು. ಬೆರಳು ತೆಗೆದೆ.
ಬಂದ ನೀರು ಬಂದ ತೂತಿನಿಂದಲೇ
ಹಿಂದಕ್ಕೆ ಹೊರಡತೊಡಗಿತು.

ನಿಂತರೆ ತುಂಬುತ್ತದೆ. ಅವಳು ನಿಲ್ಲಲಿಲ್ಲ.
ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು;
ಅದೂ ಲೆಕ್ಕದ ಪುಸ್ತಕದಲ್ಲಿದೆ.